ಇಲ್ಲದ ದೇಶಕ್ಕೊಂದು ಬಾವುಟ

ಮಕ್ಕಳಿಗೆ ಸುಮ್ನೆ ಬಾವುಟ ಬಿಡಿಸಿ ಅಂದರೆ ಮೂರು ಪಟ್ಟೆ ಎಳೆದು, ನಡುವೆ ಒಂದು ಸಿಂಹ ಕೂರಿಸಿ ಮುಗಿಸಿಬಿಡುತ್ತಾರೆ. ಅದಕ್ಕೇ ನನ್ನ ಶನಿವಾರದ ಚಿತ್ರಕಲೆ ಕ್ಲಾಸಿನಲ್ಲಿ ಮೊದಲು ದೇಶ, ಆಮೇಲೆ ಬಾವುಟ. ಅಲ್ಲಿ ಜನ ಏನು ಉಣ್ಣುತ್ತಾರೆ? ನೀರು ಎಲ್ಲಿಂದ ಬರುತ್ತೆ? ಯಾವುದಕ್ಕೆ ಹೆದರುತ್ತಾರೆ? ಪಕ್ಕದ ದೇಶದವರ ಜೊತೆ ಏನು ಜಗಳ? ಕೇಳುತ್ತಾ ಹೋದರೆ ಸ್ವಲ್ಪ ಹೊತ್ತಿಗೇ ಜಗಲಿ ತುಂಬ ದೇಶಗಳು ಹುಟ್ಟಿರುತ್ತವೆ.

ಪೆನ್ಸಿಲ್, ಕ್ರೆಯಾನ್ ಕೊಡುವುದಿಲ್ಲ. ಬಣ್ಣದ ಕಾಗದ, ಕತ್ತರಿ, ಗೋಂದು, ಅಷ್ಟೇ. ಪೆನ್ಸಿಲ್ ಕೈಗೆ ಸಿಕ್ಕರೆ ನವಿಲಿನ ಒಂದೊಂದು ಗರಿಯೂ ಬರಬೇಕು. ಕತ್ತರಿ ಹಿಡಿದರೆ ಅದೇ ನವಿಲು ಒಂದು ಕುತ್ತಿಗೆ, ಒಂದು ಅರ್ಧಚಂದ್ರಕ್ಕೆ ಇಳಿಯುತ್ತದೆ. ಬಣ್ಣ ಮೂರು. ತುಂಬಾ ಹಟ ಮಾಡಿದರೆ ನಾಲ್ಕು. ಕಡು ಬಣ್ಣದ ಮೇಲೆ ಕಡು ಬಣ್ಣ ಬೇಡ, ನಡುವೆ ಬಿಳಿ ಅಥವಾ ಹಳದಿ ಇರಲಿ ಅನ್ನುವುದು ಯುರೋಪಿನ ಗುರಾಣಿ ಲಾಂಛನಗಳ ಕಾಲದ ಹಳೇ ನಿಯಮ. ಅದನ್ನು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಕೆಂಪಿನ ಮೇಲೆ ನೀಲಿ ಪಟ್ಟಿ ಇಟ್ಟು ಗೇಟಿನ ಹತ್ತಿರ ಹೋಗಿ ನೋಡಿ ಅಂತ ಕಳಿಸುತ್ತೇನೆ.

ಆರನೇ ಕ್ಲಾಸಿನ ಹುಡುಗಿಯೊಬ್ಬಳದು ಸದಾ ಮಳೆ ಸುರಿಯುವ ದೇಶ. ಬೂದು ಹಾಳೆಯ ಮೇಲೆ ಓರೆಯಾಗಿ ಬಿಳಿ ಪಟ್ಟಿಗಳನ್ನು ಅಂಟಿಸಿದ್ದಳು. ಚೆನ್ನಾಗಿತ್ತು, ಆದರೆ ಸಪ್ಪೆ. "ಅಪರೂಪಕ್ಕೆ ಬಿಸಿಲು ಬಂದರೆ ಅಲ್ಲಿಯವರು ಏನ್ಮಾಡ್ತಾರೆ?" ಅಂದೆ. "ಹಪ್ಪಳ ಒಣಗಿಸ್ತಾರೆ ಮಿಸ್." ಆಮೇಲೆ ಎಡ ಮೇಲ್ಮೂಲೆಗೆ ಹಳದಿ ವೃತ್ತ ಬಂತು, ಅಂಚು ಸ್ವಲ್ಪ ಸೊಟ್ಟ. ಸೂರ್ಯನೋ ಹಪ್ಪಳವೋ ಅಂತ ಉಳಿದವರು ಕಾಡಿದರು. ಅವಳು ಹೇಳಲೇ ಇಲ್ಲ. ಹೇಳಬೇಕಾಗಿಯೂ ಇಲ್ಲ ಅಲ್ವಾ?

ಎಡಮೂಲೆ ಅವಳು ಆರಿಸಿದ್ದು ಸರಿಯಾಗೇ ಇತ್ತು. ಗಾಳಿ ನಿಂತಾಗ ಬಾವುಟ ಕಂಬಕ್ಕೆ ಜೋತುಬೀಳುತ್ತದೆ. ಆಗ ಕಾಣುವುದು ಕಂಬದ ಕಡೆಯ ಭಾಗವೇ ಜಾಸ್ತಿ. ಹಾಗಾಗಿ ಬಲಗಡೆಯ ಅರ್ಧವನ್ನು ಪುಸ್ತಕದಿಂದ ಮುಚ್ಚಿ ನೋಡುವುದು ನಮ್ಮ ಕ್ಲಾಸಿನ ಪರೀಕ್ಷೆ. ಬಾಂಗ್ಲಾದೇಶದ ಕೆಂಪು ವೃತ್ತ ಸರಿಯಾಗಿ ನಡುವೆ ಇಲ್ಲ, ಕಂಬದ ಕಡೆಗೆ ಸ್ವಲ್ಪ ಸರಿದಿದೆ. ಹಾರುವಾಗ ಅದು ನಡುವೆ ಇದ್ದಂತೆ ಕಾಣಲಿ ಅಂತ. ಸ್ಕೇಲ್ ಕೊಟ್ಟು ಅಳೆಯಿಸಿದರೆ ಮಕ್ಕಳಿಗೆ ಖುಷಿಯೋ ಖುಷಿ.

ದೇಶದ ನಕ್ಷೆಯನ್ನೇ ಬಾವುಟದಲ್ಲಿ ಇಡುತ್ತೇನೆ ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರಿಗೂ ಬಾಂಗ್ಲಾದೇಶವೇ ಉತ್ತರ. 1971ರ ಅವರ ಬಾವುಟದಲ್ಲಿ ಹಳದಿ ನಕ್ಷೆ ಇತ್ತು, 1972ರಲ್ಲಿ ತೆಗೆದರು. ಹಾಳೆಯನ್ನು ಕಿಟಕಿಗೆ ಹಿಡಿದು ಹಿಂದಿನಿಂದ ನೋಡಿ ಅನ್ನುತ್ತೇನೆ. ನಕ್ಷೆ ಉಲ್ಟಾ. ಅಕ್ಷರ ಬರೆದರೂ ಇದೇ ಪಾಡು.

ಇಬ್ಬರ ಬಾವುಟ ಒಂದೇ ಥರ ಆದರೆ ಕದ್ದ ಅಂತ ಕೂಗಾಟ ಶುರು. ಆಗ ಬರ್ಲಿನ್ ಕಥೆ ಹೇಳುತ್ತೇನೆ. 1936ರ ಒಲಿಂಪಿಕ್ಸ್‌ಗೆ ಬಂದ ಮೇಲೇ ಗೊತ್ತಾಗಿದ್ದು, ಲಿಕ್ಟನ್‌ಸ್ಟೈನ್ ಮತ್ತು ಹೈಟಿ ಎರಡರದೂ ಮೇಲೆ ನೀಲಿ, ಕೆಳಗೆ ಕೆಂಪು ಅಂತ! ಮರುವರ್ಷ ಲಿಕ್ಟನ್‌ಸ್ಟೈನ್‌ನವರು ಮೂಲೆಗೆ ಒಂದು ಕಿರೀಟ ಸೇರಿಸಿಕೊಂಡರು. ನಮ್ಮಲ್ಲೂ ಹಾಗೇ, ಒಬ್ಬರು ಏನಾದರೂ ಸೇರಿಸಬೇಕು. ಯಾರು ಅನ್ನುವುದು ಟಾಸ್‌ಗೆ ಬಿಟ್ಟಿದ್ದು.

"ನಾವು ಮಾಡಿದ್ದನ್ನ ಯಾರು ಹಾರಿಸ್ತಾರೆ ಬಿಡಿ ಮಿಸ್" ಅಂತ ಮೂತಿ ಉದ್ದ ಮಾಡುವವರಿಗೆ ಅಮೆರಿಕದ ಅಲಾಸ್ಕದ ಬಾವುಟದ ವಿಷಯ ಸಾಕು. 1927ರಲ್ಲಿ ಅಲ್ಲಿ ಶಾಲಾ ಮಕ್ಕಳಿಗೇ ಸ್ಪರ್ಧೆ ಇಟ್ಟಿದ್ದರು. ಬೆನ್ನಿ ಬೆನ್ಸನ್ ಅನ್ನುವ ಹುಡುಗ ನೀಲಿಯ ಮೇಲೆ ಎಂಟು ಚಿನ್ನದ ನಕ್ಷತ್ರ ಇಟ್ಟ. ಇವತ್ತಿಗೂ ಅದೇ ಹಾರುತ್ತಿದೆ.

ಕೊನೆಯ ಆಟ ನೇಪಾಳದಿಂದ ಕದ್ದದ್ದು. ಎರಡು ತ್ರಿಕೋನದ ಆ ಬಾವುಟವನ್ನು ಯಾವ ಗೆರೆ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅಂತ ಅವರ ಸಂವಿಧಾನವೇ ಹಂತ ಹಂತವಾಗಿ ಹೇಳುತ್ತದೆ. ನಮ್ಮ ಮಕ್ಕಳೂ ತಮ್ಮ ಬಾವುಟಕ್ಕೆ ಹಾಗೊಂದು ವಿಧಾನ ಬರೆಯಬೇಕು. ಚಿತ್ರ ತೋರಿಸದೆ, ಬರೀ ಆ ಚೀಟಿ ಪಕ್ಕದವರ ಕೈಗೆ. ಅವರು ಓದಿ ಬಾವುಟ ಮಾಡಬೇಕು. ಮಳೆ ದೇಶದ ಚೀಟಿಯಲ್ಲಿ ಹೀಗಿತ್ತು: "ಬೂದು ಹಾಳೆ ತಗೋ. ಬಿಳಿ ಪಟ್ಟಿ ಐದು, ಓರೆ. ಎಡಗಡೆ ಮೇಲೆ ಹಳದಿ ವೃತ್ತ. ಕಂಪಾಸ್ ಬಳಸಬಾರದು."