ಬೋರ್ ಮಾಡಿಸಿದ ಎಂಜಿನ್ ಮತ್ತೆ ಕೆಟ್ಟರೆ: ಬಿಚ್ಚಿಸುವ ಮೊದಲು ಇಷ್ಟು ಮಾಡಿ

ಎಂಜಿನ್ ಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್, ಅದರ ಸುತ್ತ ಹೊಸ ರಿಂಗು ಹಾಕಿಸಿ) ಎರಡು ತಿಂಗಳಾಗಿಲ್ಲ, ಕಾರು ಮತ್ತೆ ನೀಲಿ ಹೊಗೆ ಉಗುಳುತ್ತಿದೆ. ಆಗ ಬಹಳ ಜನ ಸಿಟ್ಟಿನಲ್ಲಿ ಬೇರೆ ಗ್ಯಾರೇಜಿಗೆ ಹೋಗುತ್ತಾರೆ. ಅಲ್ಲಿನ ಮೆಕ್ಯಾನಿಕ್ ಅವತ್ತೇ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿ, "ರಿಂಗ್ ಹಾಕಿರೋದೇ ಸರಿ ಇಲ್ಲ" ಅನ್ನುತ್ತಾರೆ. ಅದು ನಿಜವೇ ಇರಬಹುದು. ಆದರೆ ಆ ಹೊತ್ತಿಗೆ ನಿಮ್ಮ ವಾರಂಟಿ ಅರ್ಧ ಕೈಬಿಟ್ಟು ಹೋಗಿರುತ್ತದೆ. "ನಾವು ಕೊಟ್ಟಾಗ ಸರಿ ಇತ್ತು, ಬಿಚ್ಚಿದವರೇ ಕೆಡಿಸಿದ್ದಾರೆ" ಎಂದು ಮೊದಲ ಗ್ಯಾರೇಜಿನವರು ಹೇಳಿದರೆ ಏನು ತೋರಿಸುತ್ತೀರಿ? ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದಕ್ಕೆ ಎಂಜಿನ್ನೇ ಸಾಕ್ಷಿ. ಅದನ್ನು ಒಮ್ಮೆ ಬಿಚ್ಚಿದರೆ ಹಾಗೇ ಮರಳಿ ಜೋಡಿಸಲಾಗದು.

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ (ಲೋಹ ಕಡೆಯುವ ಯಂತ್ರ) ತಯಾರಿಸುತ್ತಿದ್ದ ಕಾಲದಿಂದ ನಮ್ಮ ಸೀಮೆಗೆ ಈ ಕೆಲಸ ಹೊಸದಲ್ಲ. ದಾವಣಗೆರೆ, ಚಿತ್ರದುರ್ಗದಲ್ಲಿ ಕೈಯಲ್ಲಿ ಮುಟ್ಟಿ ನೋಡಿಯೇ ಬೋರ್ ಸವೆತ ಹೇಳುವ ಕೆಲಸಗಾರರಿದ್ದಾರೆ. ಇವರ ಮೇಲೆ ಅನುಮಾನ ಪಡಿ ಅಂತ ನಾನು ಹೇಳುತ್ತಿಲ್ಲ. ಎಲ್ಲವನ್ನೂ ಬರೆದಿಟ್ಟುಕೊಳ್ಳಿ ಅನ್ನುತ್ತಿದ್ದೇನೆ. ಅದರಿಂದ ಪ್ರಾಮಾಣಿಕ ಮೆಕ್ಯಾನಿಕ್‌ಗೂ ಅನುಕೂಲವೇ.

ಕೆಲಸ ಕೊಡುವಾಗ

ಎಸ್ಟಿಮೇಟ್ ಬರೆಸಿಕೊಳ್ಳಿ. ಎಂಜಿನ್ ನಂಬರ್, ಕಿಲೋಮೀಟರ್ ರೀಡಿಂಗ್, ಯಾವ ಪಾರ್ಟು ಹೊಸದು, ಯಾವುದು ಹಳೆಯದೇ, ಪಿಸ್ಟನ್ ಓವರ್‌ಸೈಜ್ (ಮೂಲ ಅಳತೆಗಿಂತ ಎಷ್ಟು ದೊಡ್ಡದು) 0.25 ಮಿ.ಮೀ. ಇದೆಯೋ 0.50 ಇದೆಯೋ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡಿಂಗ್ ಆಗಿದೆಯೋ ಇಲ್ಲವೋ, ಎಲ್ಲವೂ ಅದರಲ್ಲಿರಲಿ. ವಾರಂಟಿ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್, ಬರೀ ಪಾರ್ಟ್ಸ್‌ಗೋ ಕೂಲಿಗೂ ಸೇರಿಯೋ ಅನ್ನುವುದೂ ಇರಲಿ. "ಆರು ತಿಂಗಳು ಏನಾದ್ರೂ ಆದ್ರೆ ನಾನಿದ್ದೀನಿ ಸಾರ್" ಅಂದರೆ ಸಂತೋಷ. ಅದೇ ಮಾತನ್ನು ಬಿಲ್ಲಿನ ಕೆಳಗೆ ಬರೆದು ಸಹಿ ಹಾಕಲು ಹೇಳಿ.

"ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀನಿ" ಎಂದು ಹೇಳಿದರೆ ಒಪ್ಪಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಈಗಾಗಲೇ ಕಚ್ಚಾ ಚೀಟಿಯಲ್ಲಿ ಮುಗಿದಿದ್ದರೆ ಯುಪಿಐ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಮೆಸೇಜು, ಪಾರ್ಟ್ಸ್ ಬಂದ ಡಬ್ಬಿಗಳನ್ನು ಎತ್ತಿಡಿ. ಬ್ಲಾಕ್ ಅನ್ನೇ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಭಾಗ) ಬದಲಿಸಿದ್ದರೆ ಎಂಜಿನ್ ನಂಬರ್ ಬದಲಾಗಿರುತ್ತದೆ. ಅದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಬೇಕು. ಗಾಡಿ ಕೆಎ-17 (ದಾವಣಗೆರೆ) ಇರಲಿ, ಕೆಎ-16 (ಚಿತ್ರದುರ್ಗ) ಇರಲಿ, ನಿಯಮ ಒಂದೇ.

ಮೊದಲ ಸಾವಿರ ಕಿಲೋಮೀಟರ್

ವಾರಂಟಿ ತಳ್ಳಿಹಾಕಲು ಬರುವ ಮೊದಲ ಮಾತು "ನೀವೇ ಓವರ್‌ಹೀಟ್ ಮಾಡಿದ್ದೀರಿ" ಅನ್ನುವುದು. ನಮ್ಮ ಕಡೆ ಇದನ್ನು ಬರೀ ನೆಪ ಅನ್ನಲಾಗದು. ಇಲ್ಲಿನ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರ್‌ಗೆ ಸುರಿಯುತ್ತಾ ಬಂದರೆ ಒಳಗೆ ಸುಣ್ಣ ಕಟ್ಟಿ ಸಣ್ಣ ಟ್ಯೂಬುಗಳು ಮುಚ್ಚುತ್ತವೆ. ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಬಂದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಹೆಡ್ ಬಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಹಾಳೆ) ಹೋಗುತ್ತದೆ. ಎಂಜಿನ್ ಕೆಲಸದ ಜೊತೆಗೇ ರೇಡಿಯೇಟರ್ ಕ್ಲೀನ್ ಮಾಡಿಸಿ, ಥರ್ಮೋಸ್ಟಾಟ್ ನೋಡಿಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕಿಸಿ. ಇವನ್ನೂ ಬಿಲ್ಲಿಗೆ ಸೇರಿಸಲು ಹೇಳಿ.

ಎರಡನೇ ನೆಪ "ರನ್ನಿಂಗ್-ಇನ್ ಸರಿಯಾಗಿ ಮಾಡಿಲ್ಲ" ಅನ್ನುವುದು. ಹೊಸ ರಿಂಗು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳುವವರೆಗೆ ಫುಲ್ ಲೋಡ್ ಬೇಡ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಬೇಡ. ಮೊದಲ ಆಯಿಲ್ ಚೇಂಜ್ ಅವರು ಹೇಳಿದ ಕಿಲೋಮೀಟರ್‌ಗೇ ಆಗಲಿ, ಸಾಮಾನ್ಯವಾಗಿ 500ರಿಂದ 1,000ದೊಳಗೆ. ಓಡೋಮೀಟರ್ ಕಾಣುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲೂ ಇರಲಿ.

ತೊಂದರೆ ಕಂಡ ದಿನ

ಆಯಿಲ್ ದೀಪ ಕೆಂಪಗೆ ಉರಿದರೆ, ಕೆಳಗಿನಿಂದ ಟಕ್‌ಟಕ್ ಸದ್ದು ಬಂದರೆ, ಮುಳ್ಳು ಕೆಂಪು ಗೆರೆ ಮುಟ್ಟಿದರೆ ಅಲ್ಲೇ ಎಂಜಿನ್ ಆಫ್ ಮಾಡಿ. ಊರು ಇನ್ನು ಹತ್ತೇ ಕಿಲೋಮೀಟರ್ ಅಂತ ಓಡಿಸಿಕೊಂಡು ಬರಬೇಡಿ. ಅಲ್ಲಿಂದ ಮುಂದಿನ ಹಾನಿ ನಿಮ್ಮ ತಲೆಗೇ ಬರುತ್ತದೆ. ಟೋಯಿಂಗ್ ಮಾಡಿಸಿ, ಅದರ ರಸೀದಿ ಇಟ್ಟುಕೊಳ್ಳಿ.

ಆಮೇಲೆ ವಿಡಿಯೊ ಮಾಡಿ. ಆಯಿಲ್ ಕ್ಯಾಪ್ ತೆಗೆದು ಒಳಮುಖ ತೋರಿಸಿ. ಹಾಲು ಬೆರೆಸಿದ ಕಾಫಿಯಂಥ ಬಣ್ಣದ ನೊರೆ ಅಂಟಿದ್ದರೆ ಕೂಲೆಂಟ್ ಆಯಿಲ್‌ಗೆ ಸೇರಿರಬಹುದು. ಡಿಪ್‌ಸ್ಟಿಕ್ ಮಟ್ಟ, ಕೂಲೆಂಟ್ ಮಟ್ಟ ಎರಡನ್ನೂ ತೋರಿಸಿ. ಹೊಗೆಯ ಬಣ್ಣವೂ ಕೆಲವು ಸುಳಿವು ಕೊಡುತ್ತದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲೆಂಟ್ ಉರಿಯುವುದರ ಲಕ್ಷಣ. ಕಪ್ಪಾದರೆ ಇಂಧನ ಜಾಸ್ತಿ ಹೋಗುತ್ತಿದೆ, ಅದಕ್ಕೆ ಬೋರ್ ಕೆಲಸ ಕಾರಣ ಆಗಿರಲೇಬೇಕಿಲ್ಲ. ರಿಂಗು ಕೂರುವವರೆಗೆ ಸ್ವಲ್ಪ ಆಯಿಲ್ ಖರ್ಚಾಗುವುದು ಸಹಜ. ಮೊದಲ ವಾರದ ಸಣ್ಣ ಹೊಗೆಗೇ ಜಗಳಕ್ಕೆ ಹೋಗಬೇಡಿ.

ಬಿಚ್ಚದೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ಕಂಪ್ರೆಷನ್ ಟೆಸ್ಟ್. ಪ್ಲಗ್ ಜಾಗದಲ್ಲಿ ಗೇಜ್ ಕೂರಿಸಿ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ನೋಡುತ್ತಾರೆ. ಸಿಲಿಂಡರ್‌ಗಳ ನಡುವೆ ಶೇ 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಏನೋ ಸರಿ ಇಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುವುದುಂಟು. ಒತ್ತಡ ಏರಿದರೆ ದೋಷ ರಿಂಗು ಅಥವಾ ಬೋರ್‌ನಲ್ಲಿ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ಗೇಜಿನ ಅಂಕಿಗಳನ್ನು ಫೋಟೊ ತೆಗೆದು, ಲೆಟರ್‌ಹೆಡ್‌ನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಎಲ್ಲರ ಎದುರಲ್ಲಿ ಬಿಚ್ಚಿಸಿ

ಇನ್ನು ಬಿಚ್ಚಲೇಬೇಕು ಅಂದಾಗ ರಿಪೇರಿ ಮಾಡಿದವರಿಗೆ ಬರಹದಲ್ಲಿ ದಿನ, ಸಮಯ, ಜಾಗ ತಿಳಿಸಿ. "ನೀವೂ ಬನ್ನಿ, ಬೋರ್ ಮಾಡಿಕೊಟ್ಟ ನಿಮ್ಮ ಲೇತ್‌ನವರನ್ನೂ ಕರೆತನ್ನಿ" ಎಂದು ಕೇಳಿ. ಅವರು ಬಾರದಿದ್ದರೆ ಆ ಪತ್ರವೇ ಮುಂದೆ ನಿಮ್ಮ ಪರ ಮಾತಾಡುತ್ತದೆ. ತಟಸ್ಥರೊಬ್ಬರು ಇರಬೇಕು. ಪರವಾನಗಿ ಇರುವ ವಾಹನ ಸರ್ವೇಯರ್ ಆಗಬಹುದು. ದಾವಣಗೆರೆಯ ಯುಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲೂ ಕೇಳಿ ನೋಡಬಹುದು.

ಪರಿಚಯದ ಟ್ಯಾಕ್ಸಿ ಚಾಲಕರೊಬ್ಬರ ಗಾಡಿಯ ತಪಾಸಣೆಯನ್ನು ನಾನು ನಿಂತು ನೋಡಿದ್ದೇನೆ. ಮೊದಲು ಮುಟ್ಟಿದ್ದು ಆಯಿಲ್ ಫಿಲ್ಟರ್. ತಗಡು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹಿಂಡಿ ಬಿಡಿಸಿದರು. ಕಪ್ಪು ಎಣ್ಣೆಯ ನಡುವೆ ಮಿಣಮಿಣ ಚೂರುಗಳು. ಮ್ಯಾಗ್ನೆಟ್ ಹಿಡಿದರೆ ಕೆಲವೇ ಅಂಟಿದವು. ಅಂಟುವುದು ಕಬ್ಬಿಣ, ಉಕ್ಕು: ರಿಂಗು, ಕ್ರ್ಯಾಂಕು, ಸಿಲಿಂಡರ್ ಗೋಡೆ. ಅಂಟದ ಚೂರು ಬೇರಿಂಗ್ ಪದರದ್ದೋ ಪಿಸ್ಟನ್‌ದೋ ಇರಬಹುದು. ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಇಳಿಸಿ ನೋಡಿದಾಗ ಕ್ರ್ಯಾಂಕ್ ಮೇಲೆ ಕೂರುವ ಬಿಗ್ ಎಂಡ್ ಬೇರಿಂಗ್ ಕೆರೆದು ಹೋಗಿತ್ತು. ಅಲ್ಲಿವರೆಗೂ "ಡ್ರೈವಿಂಗ್ ಸರಿ ಇಲ್ಲ" ಅನ್ನುತ್ತಿದ್ದ ಗ್ಯಾರೇಜ್ ಮಾಲೀಕರು "ಬೇರಿಂಗೂ ಕ್ರ್ಯಾಂಕೂ ನಾವೇ ಮಾಡಿಕೊಡ್ತೀವಿ" ಅಂದರು. ಕೋರ್ಟು ಕಚೇರಿ ಏನೂ ಬೇಕಾಗಲಿಲ್ಲ. ಬಹಳಷ್ಟು ಜಗಳ ಇದೇ ಹಂತದಲ್ಲಿ ಮುಗಿಯಬಹುದು ಅನ್ನುವುದು ನನ್ನ ನಂಬಿಕೆ.

ತೆಗೆದ ಪಾರ್ಟುಗಳನ್ನು ಗುಜರಿಗೆ ಬಿಡಬೇಡಿ. ಚೀಟಿ ಅಂಟಿಸಿ, ಕವರ್‌ನಲ್ಲಿ ಹಾಕಿ, ಎಲ್ಲರ ಸಹಿ ಮಾಡಿಸಿ ಇಡಿ.

ಒಪ್ಪದಿದ್ದರೆ

ಮೊದಲು ನೋಟಿಸ್. ವಕೀಲರೇ ಬೇಕೆಂದಿಲ್ಲ, ನೀವೇ ಬರೆಯಬಹುದು. ಏನು ಕೆಲಸ, ಎಷ್ಟು ಹಣ, ಏನು ಕೆಟ್ಟಿತು, ತಪಾಸಣೆಯಲ್ಲಿ ಏನು ಸಿಕ್ಕಿತು, ಏನು ಬೇಕು ಎಂದು ಬರೆದು 15 ದಿನ ಗಡುವು ಕೊಡಿ. ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕೇಳುವಾಗ ಮಿತಿ ಇರಲಿ. ವಾರಂಟಿಯಲ್ಲಿ ದೋಷದ ಪಾರ್ಟ್ ಬದಲಿಸುವುದಾಗಿ ಮಾತ್ರ ಇದ್ದರೆ ಇಡೀ ಕಾರು ಬದಲಿಸಿ ಎಂದು ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೊಸ ಕಾರಿನ ಪ್ರಕರಣವೊಂದರಲ್ಲಿ ಹೇಳಿದೆ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಿ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ದಾವಣಗೆರೆಯಲ್ಲೂ ಇದೆ, ಚಿತ್ರದುರ್ಗದಲ್ಲೂ ಇದೆ. ಎಂಜಿನ್ ಕೆಲಸ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಮಾಡಿಸಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. "ಇವತ್ತು ಬಾ ನಾಳೆ ಬಾ" ಅನ್ನುವುದರಲ್ಲೇ ಆ ಅವಧಿ ಕಳೆದುಹೋಗುತ್ತದೆ. ಸ್ವಂತ ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯುವವರೂ ಗ್ರಾಹಕರೇ. "ಕಮರ್ಷಿಯಲ್ ಗಾಡಿ, ದೂರು ನಿಲ್ಲಲ್ಲ" ಅಂತ ಯಾರಾದರೂ ಹೆದರಿಸಿದರೆ ಜೀವನೋಪಾಯದ ವಿನಾಯಿತಿ ಇದೆ ಎಂದು ಹೇಳಿ.

ಮೆಕ್ಯಾನಿಕ್ ಲೇತ್‌ನವರನ್ನು ತೋರಿಸುತ್ತಾರೆ, ಲೇತ್‌ನವರು ಸ್ಪೇರ್ ಅಂಗಡಿಯನ್ನು ತೋರಿಸುತ್ತಾರೆ. ಇಡೀ ಕೆಲಸದ ಹಣ ಮೆಕ್ಯಾನಿಕ್‌ಗೇ ಕೊಟ್ಟಿದ್ದರೆ ನಿಮಗೆ ಉತ್ತರ ಕೊಡಬೇಕಾದವರು ಅವರೇ. ಲೇತ್‌ಗೋ ಅಂಗಡಿಗೋ ನೀವೇ ಬೇರೆಯಾಗಿ ಹಣ ಕೊಟ್ಟಿದ್ದರೆ ಅವರನ್ನೂ ಎದುರುದಾರರನ್ನಾಗಿ ಸೇರಿಸಿ. ವಾಟ್ಸ್‌ಆ್ಯಪ್ ಮೆಸೇಜು, ವಿಡಿಯೊ ಹಾಕುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವಂಥದ್ದು) ಲಗತ್ತಿಸುವುದು ಒಳ್ಳೆಯದು. ದೋಷ ಪತ್ತೆಗೆ ಪರೀಕ್ಷೆ ಬೇಕು ಅನ್ನಿಸಿದರೆ ಆಯೋಗವೇ ಕಳಿಸಬಹುದು, ಅದನ್ನು ಕೇಳಿ ಅರ್ಜಿ ಹಾಕಿ.

ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕು ಎಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಜಾಸ್ತಿ ಹಿಡಿಯಬಹುದು. ಸೋತವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಹಣ ಕೊಡಬೇಕಾದವರು ಅರ್ಧ ಮೊತ್ತ ಠೇವಣಿ ಇಡಬೇಕು. ಆದೇಶ ಬಂದ ಮೇಲೂ ಹಣ ಕೈಗೆ ಬಾರದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಆಯೋಗ ವಿಧಿಸಬಹುದು.