ನಾಣ್ಯ, ಅಂಚೆಚೀಟಿ ಮಾರುವಾಗ ಹಣಪಾವತಿಯ ಶುಲ್ಕ ಯಾರ ಲೆಕ್ಕಕ್ಕೆ?

ಹವ್ಯಾಸಿ ಸಂಗ್ರಾಹಕರ ನಡುವೆ ನಾಣ್ಯ, ಅಂಚೆಚೀಟಿ, ಪ್ರಥಮ ದಿನದ ಲಕೋಟೆಗಳು (ಹೊಸ ಅಂಚೆಚೀಟಿ ಬಿಡುಗಡೆಯಾದ ದಿನದ ಮುದ್ರೆ ಬಿದ್ದ ಲಕೋಟೆಗಳು) ಕೈಬದಲಾಗುವಾಗ ಬೆಲೆಯ ಕಾರಣಕ್ಕೆ ಮನಸ್ತಾಪ ಬರುವುದು ಕಡಿಮೆ. ಬೆಲೆ ಕುದುರಿ, ಕೊಳ್ಳುವವರು ಒಪ್ಪಿದ ನಂತರ, "ಗೇಟ್‌ವೇ ಶುಲ್ಕ ಬೇರೆ" (ಗೇಟ್‌ವೇ ಎಂದರೆ ಆನ್‌ಲೈನ್ ಹಣಪಾವತಿಯನ್ನು ನಡೆಸಿಕೊಡುವ ಸೇವೆ) ಎಂಬ ಸಂದೇಶ ಬಂದಾಗಲೇ ಮಾತು ಕೆಡುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹಣ ಸ್ವೀಕರಿಸುವ ಖಾತೆ ಮಾರುವವರದು, ಆ ಸೇವೆಯನ್ನು ಆರಿಸಿಕೊಂಡವರೂ ಅವರೇ, ಆದ್ದರಿಂದ ಶುಲ್ಕವೂ ಅವರದೇ. ಅದನ್ನು ಕೈಯಿಂದ ಕಳೆದುಕೊಳ್ಳಬೇಕೆಂದೇನೂ ಇಲ್ಲ, ಮೊದಲೇ ಬೆಲೆಯೊಳಗೆ ಸೇರಿಸಿ ಹೇಳಿದರೆ ಸಾಕು.

ಮೊದಲು ಶುಲ್ಕ ನಿಜವಾಗಿಯೂ ಇದೆಯೇ ಎಂದು ನೋಡಿಕೊಳ್ಳಿ. ದೇಶದೊಳಗಿನ ಮಾರಾಟದಲ್ಲಿ ಬಹುಪಾಲು ಹಣ ಯುಪಿಐ ಮೂಲಕವೇ ಬರುತ್ತದೆ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗಳಿಗೆ ಎಂಡಿಆರ್ ಶುಲ್ಕವನ್ನು, ಅಂದರೆ ಹಣ ಸ್ವೀಕರಿಸುವ ವ್ಯಾಪಾರಿಯಿಂದ ಹಿಡಿಯುವ ಶುಲ್ಕವನ್ನು, ಶೂನ್ಯಗೊಳಿಸಲಾಗಿದೆ. ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ಮಾಡುವ ನೆಫ್ಟ್ ವರ್ಗಾವಣೆಗೂ ಬ್ಯಾಂಕುಗಳು ಹಣ ಕೇಳುವುದಿಲ್ಲ. ಖಾತೆಯಿಂದ ಖಾತೆಗೆ ನೇರವಾಗಿ ಬಂದ ಹಣದ ಮೇಲೆ "ಶುಲ್ಕ" ಎಂದು ಹೇಳಿ ಹೆಚ್ಚುವರಿ ಕೇಳಿದರೆ ಅದು ಶುಲ್ಕವಲ್ಲ, ಬೆಲೆಯೇರಿಕೆ.

ಕ್ರೆಡಿಟ್ ಕಾರ್ಡಿಗಾಗಿ ಪೇಮೆಂಟ್ ಲಿಂಕ್ ಕಳುಹಿಸುವವರ ಲೆಕ್ಕ ಬೇರೆ. ನಿಮ್ಮ ಗೇಟ್‌ವೇ ಶೇಕಡಾ 2ರಷ್ಟು ಶುಲ್ಕವನ್ನೂ ಆ ಶುಲ್ಕದ ಮೇಲೆ ಶೇಕಡಾ 18ರ ಜಿಎಸ್‌ಟಿಯನ್ನೂ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಕಡಿತ ಶೇಕಡಾ 2.36 ಆಗುತ್ತದೆ. ಮೈಸೂರು ಸಂಸ್ಥಾನದ ಒಂದು ನಾಣ್ಯಕ್ಕೆ ನಿಮ್ಮ ಕೈಗೆ 5,000 ರೂಪಾಯಿ ಬರಬೇಕಿದ್ದರೆ, ಅದಕ್ಕೆ 118 ರೂಪಾಯಿ ಕೂಡಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು, ಏಕೆಂದರೆ ಕಡಿತ ಬೀಳುವುದು 5,000ದ ಮೇಲಲ್ಲ, ಕೊಳ್ಳುವವರು ಕಟ್ಟಿದ ಪೂರ್ತಿ ಮೊತ್ತದ ಮೇಲೆ. 5,000ವನ್ನು 0.9764ರಿಂದ (ಕಡಿತ ಕಳೆದು ಉಳಿಯುವ ಶೇಕಡಾ 97.64ರಿಂದ) ಭಾಗಿಸಿದರೆ ಬರುವ ಸುಮಾರು 5,121 ರೂಪಾಯಿಯೇ ಸರಿಯಾದ ಬೆಲೆ. ಈ ಒಂದೇ ಅಂಕಿಯನ್ನು ಪ್ರಕಟಿಸಿ, "ಯುಪಿಐನಲ್ಲಿ ಕೊಟ್ಟರೆ 5,000" ಎಂದು ಪಕ್ಕದಲ್ಲೇ ಬರೆದುಬಿಡಿ. ಶುಲ್ಕ ಹೇರಿದ ಭಾವನೆ ಯಾರಿಗೂ ಬರುವುದಿಲ್ಲ. ಪುಕ್ಕಟೆ ದಾರಿಯನ್ನು ಬಿಟ್ಟು ಕಾರ್ಡನ್ನೇ ಬಳಸಬೇಕೆಂದವರು ವ್ಯತ್ಯಾಸವನ್ನು ತಿಳಿದೇ ಕೊಡುತ್ತಾರೆ. ವಾಟ್ಸ್ಆ್ಯಪ್ ಗುಂಪುಗಳ ಹರಾಜಿನಲ್ಲಿ ಮಾತ್ರ ಮೊದಲ ಬಿಡ್‌ಗೆ ಮುಂಚೆಯೇ ಇದನ್ನು ಹೇಳಲೇಬೇಕು, ಏಕೆಂದರೆ ಅಂತಿಮ ಬಿಡ್ ಕೂಗಿದವರು ತಾವು ಕೊಡಬೇಕಾದದ್ದು ಅಷ್ಟೇ ಎಂದು ನಂಬಿ ಕೂಗಿರುತ್ತಾರೆ. ಅಂಚೆ ವೆಚ್ಚವನ್ನು ಪ್ರತ್ಯೇಕವಾಗಿ ಕೇಳುವುದು ರೂಢಿಯಲ್ಲಿದೆ, ನ್ಯಾಯವೂ ಹೌದು. ದೂರಕ್ಕೂ ತೂಕಕ್ಕೂ ತಕ್ಕಂತೆ ಅದು ಬದಲಾಗುತ್ತದೆ.

ಹೊರದೇಶದ ಸಂಗ್ರಾಹಕರಿಗೆ ಮಾರುವಾಗ ಹೆಚ್ಚು ಎಚ್ಚರ ಬೇಕು. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ಸೇವೆಯನ್ನು ನಿಲ್ಲಿಸಿದ್ದರೂ ವಿದೇಶದಿಂದ ಹಣ ತರಿಸಿಕೊಳ್ಳಲು ಈಗಲೂ ಬಳಕೆಯಲ್ಲಿದೆ. ಅಲ್ಲಿ ಶೇಕಡಾವಾರು ಕಡಿತದ ಜೊತೆಗೆ ಪ್ರತಿ ವಹಿವಾಟಿಗೂ ಒಂದು ನಿಗದಿತ ಮೊತ್ತ ಹೋಗುತ್ತದೆ, ಡಾಲರನ್ನು ರೂಪಾಯಿಗೆ ಬದಲಿಸುವಾಗಲೂ ಒಂದಿಷ್ಟು ಸೋರುತ್ತದೆ. ನಿಗದಿತ ಮೊತ್ತದಿಂದಾಗಿ ಐದು ಡಾಲರಿನ ಅಂಚೆಚೀಟಿಯ ಮೇಲೆ ಬೀಳುವ ಹೊರೆ ಐವತ್ತು ಡಾಲರಿನ ವಸ್ತುವಿಗಿಂತ ಪಾಲಿನಲ್ಲಿ ಬಹಳ ದೊಡ್ಡದು. ಅಂಥ ಸಣ್ಣ ವಸ್ತುಗಳನ್ನು ಒಟ್ಟುಗೂಡಿಸಿ ಒಂದೇ ಪಾವತಿಯಲ್ಲಿ ಮಾರುವುದೇ ಇಬ್ಬರಿಗೂ ಲಾಭ. ಶುಲ್ಕ ಉಳಿಸಲು "ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ" (ಪರಿಚಿತರ ನಡುವಿನ ವೈಯಕ್ತಿಕ ಪಾವತಿಗೆಂದು ಪೇಪಾಲ್‌ನಲ್ಲಿರುವ ಆಯ್ಕೆ) ಎಂದು ಕಳುಹಿಸಿ ಎನ್ನುವ ಅಭ್ಯಾಸ ವಿದೇಶಿ ಸಂಗ್ರಾಹಕರಲ್ಲಿದೆ. ಯಾರು ಕೇಳಿದರೂ ದಯವಿಟ್ಟು ಒಪ್ಪಬೇಡಿ: ಮಾರಾಟಕ್ಕೆ ಅದನ್ನು ಬಳಸುವುದು ಸೇವೆಯ ನಿಯಮಕ್ಕೆ ವಿರುದ್ಧ, ಮೇಲಾಗಿ ವಸ್ತು ತಲುಪದಿದ್ದರೆ ಅಥವಾ ನಕಲಿಯಾಗಿದ್ದರೆ ಕೊಳ್ಳುವವರಿಗೆ ಸಿಗಬೇಕಾದ ರಕ್ಷಣೆ ಹೋಗಿಬಿಡುತ್ತದೆ. ಜೊತೆಗೆ, 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯಗಳು ಪ್ರಾಚ್ಯವಸ್ತುಗಳಾಗುವುದರಿಂದ, ಕಂಠೀರವ ಹಣವೆಂಬ ಮೈಸೂರಿನ ಹಳೆಯ ಚಿನ್ನದ ನಾಣ್ಯವನ್ನಾಗಲಿ ಟಿಪ್ಪುವಿನ ಆನೆಯ ಗುರುತಿನ ತಾಮ್ರದ ಪೈಸೆಯನ್ನಾಗಲಿ ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅಲ್ಲಿ ಶುಲ್ಕದ ಪ್ರಶ್ನೆಯೇ ಹುಟ್ಟಬಾರದು.

ಹಣ ಹಿಂದಿರುಗಿಸುವ ಸಂದರ್ಭವನ್ನು ಬಹಳ ಜನ ಮರೆಯುತ್ತಾರೆ. ಪೂರ್ತಿ ಮೊತ್ತವನ್ನು ಹಿಂದಿರುಗಿಸಿದರೂ ಮೊದಲು ಹಿಡಿದ ಶುಲ್ಕವನ್ನು ಪೇಪಾಲ್ ಮತ್ತು ಸಾಮಾನ್ಯವಾಗಿ ಗೇಟ್‌ವೇಗಳು ಮರಳಿಸುವುದಿಲ್ಲ. ನಾಣ್ಯವನ್ನು ಉಜ್ಜಿ ತೊಳೆದಿದ್ದ ಸಂಗತಿಯನ್ನು ಅಥವಾ ಅಂಚೆಚೀಟಿಯ ಹಿಂಬದಿಯಲ್ಲಿ ಕಾಗದ ತೆಳುವಾಗಿರುವುದನ್ನು ಮಾರುವವರು ವಿವರಣೆಯಲ್ಲಿ ಬಿಟ್ಟಿದ್ದರೆ, ಆ ನಷ್ಟವನ್ನೂ ವಾಪಸು ಕಳುಹಿಸುವ ಅಂಚೆ ವೆಚ್ಚವನ್ನೂ ಅವರೇ ಹೊರಬೇಕು. ವಿವರಣೆ ಸರಿಯಿದ್ದು ಕೊಳ್ಳುವವರ ಮನಸ್ಸಷ್ಟೇ ಬದಲಾಗಿದ್ದರೆ ಶುಲ್ಕವನ್ನು ಕಳೆದು ಉಳಿದದ್ದನ್ನು ಕೊಡುವುದು ತಪ್ಪಲ್ಲ, ಆದರೆ ಹಾಗೆಂದು ಮಾರಾಟದ ವಿವರಣೆಯಲ್ಲಿ ಮೊದಲೇ ಬರೆದಿರಬೇಕು.