ಊರಿನ ಉಸ್ತಾದ್‌ರ ಬದುಕು ಬರೆಯೋದು ಹೇಗೆ (ನಾನು ಎಡವಿದ್ದೆಲ್ಲ ಸೇರಿಸಿ)

ಮಸೀದಿಯಲ್ಲಿ 30-40 ವರ್ಷ ಇಮಾಮತ್ ಮಾಡಿದ, ಅಂದ್ರೆ ನಮಾಝಿಗೆ ಮುಂದೆ ನಿಂತ ಉಸ್ತಾದ್ (ಗುರು) ಒಬ್ಬರು ತೀರಿಹೋದ್ರೆ ನಮ್ಮ ಮಂಗಳೂರು ಕಡೆ ಎಂತ ಆಗ್ತದೆ ಅಂದ್ರೆ, ಒಂದು ಗಂಟೆ ಒಳಗೆ ವಾಟ್ಸಾಪಲ್ಲಿ ಪೋಸ್ಟರ್ ಬರ್ತದೆ, "ಸರಳ ಸಜ್ಜನ, ತುಂಬಲಾರದ ನಷ್ಟ" ಅಂತ, ಮೂರು ದಿನ ಎಲ್ಲರ ಸ್ಟೇಟಸಲ್ಲಿ ಇರ್ತದೆ, ಆಮೇಲೆ ಅಷ್ಟೇ. ನಮ್ಮೂರಿನ ಉಸ್ತಾದ್ ಹೋದಾಗ ಹುಡುಗರೆಲ್ಲ ಸೇರಿ ಒಂದು ಸಣ್ಣ ಪುಸ್ತಕ ಮಾಡುವ ಅಂತ ಹೊರಟ್ವಿ, ಬರೆಯೋ ಕೆಲಸ ನನ್ನ ತಲೆಗೆ ಬಂತು. ನಿಮ್ಮೂರಲ್ಲೂ ಯಾರಾದ್ರೂ ಮಾಡೋದಾದ್ರೆ ಇದು ಉಪಯೋಗಕ್ಕೆ ಬರ್ಬಹುದು.

ಮೊದಲನೇದಾಗಿ, ನೋಟ್‌ಬುಕ್ ಹಿಡ್ಕೊಂಡು ಸೀದಾ ಮನೆಗೆ ಹೋಗ್ಬೇಡಿ. ಉಸ್ತಾದ್‌ರ ಹೆಂಡತಿ ಇದ್ದತ್ (ಗಂಡ ತೀರಿದ ಮೇಲೆ ಮನೆಯಲ್ಲೇ ಇರೋ ಅವಧಿ) ಕೂತಿರ್ತಾರೆ, ನಾಲ್ಕು ತಿಂಗಳು ಹತ್ತು ದಿನ, ಆಗ ಹೊರಗಿನ ಗಂಡಸರು ಹೋಗಿ "ಸ್ವಲ್ಪ ಹೇಳಿ" ಅಂತ ಕೂರೋದು ಸರಿಯಲ್ಲ. ನಿಮ್ಮ ಉಮ್ಮನನ್ನೋ ತಂಗಿಯನ್ನೋ ಕಳಿಸಿ. ನಾನು ತಂಗಿಯನ್ನ ಕಳಿಸಿದ್ದು, ಮತ್ತೆ ನೋಡಿದ್ರೆ ನಾನು ಮಸೀದಿಯಲ್ಲಿ ಒಂದು ತಿಂಗಳು ಕೂತು ಕೇಳಿದ್ದಕ್ಕಿಂತ ಜಾಸ್ತಿ ಅವಳು ಎರಡು ಮಧ್ಯಾಹ್ನದಲ್ಲಿ ತಂದಿದ್ಲು.

ಇನ್ನು ಹೆಸರು. ಹೆಸರಿನ ಬಾಲದಲ್ಲೇ ಅವರು ಓದಿದ್ದು ಎಲ್ಲಿ ಅಂತ ಇರ್ತದೆ. ಸಖಾಫಿ ಅಂದ್ರೆ ಕೇರಳದ ಕಾರಂದೂರಿನ ಮರ್ಕಝ್ ಅನ್ನೋ ವಿದ್ಯಾಸಂಸ್ಥೆ, ಫೈಝಿ ಅಂದ್ರೆ ಕೇರಳದ್ದೇ ಪಟ್ಟಿಕ್ಕಾಡ್ ಜಾಮಿಅ ನೂರಿಯ್ಯ, ಸಅದಿ ಅಂದ್ರೆ ಕಾಸರಗೋಡಿನ ದೇಳಿ, ಬಾಖವಿ ಅಂದ್ರೆ ವೆಲ್ಲೂರು, ಖಾಸ್ಮಿ ಅಂದ್ರೆ ದೇವಬಂದ್, ನದ್ವಿ ಅಂದ್ರೆ ಲಖನೌ. ಇದು ಇಸವಿ ಚೆಕ್ ಮಾಡ್ಲಿಕ್ಕೂ ಆಗ್ತದೆ, ಮರ್ಕಝ್ ಶುರುವಾದದ್ದೇ 1978ರಲ್ಲಿ, ಹಾಗಾಗಿ "1970ರಲ್ಲೇ ಅವರು ಸಖಾಫಿ" ಅಂತ ಯಾರಾದ್ರೂ ಹೇಳಿದ್ರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಬರೀ "ಮುಸ್ಲಿಯಾರ್" ಅಂತ ಇದ್ರೆ ಹೆಚ್ಚಾಗಿ ಹಳೇ ಪಳ್ಳಿ ದರ್ಸಲ್ಲಿ (ಮಸೀದಿಯಲ್ಲೇ ನಡೆಯೋ ಪಾಠ) ಕಲಿತವರು. ಅಂಥವರದ್ದು ಯಾವ ಊರಲ್ಲಿ ಎಷ್ಟು ವರ್ಷ ಇದ್ರು, ಯಾರ ಹತ್ರ ಓದಿದ್ರು ಅಂತ ಒಂದೊಂದಾಗಿ ಬರ್ಕೊಳ್ಳಿ. ಇದನ್ನ ಬಿಟ್ರೆ ಅವರ ಜೊತೆ ಓದಿದವರು ಪುಸ್ತಕ ಬದಿಗಿಡ್ತಾರೆ ಮಾರಾಯ್ರೆ, ಅವರು ಮೊದಲು ಹುಡುಕೋದೇ ಅದನ್ನ.

ತಾರೀಕಿನ ವಿಷಯದಲ್ಲಿ ನಾನು ಸರಿಯಾಗಿ ಬಿದ್ದೆ. ಉಸ್ತಾದ್‌ರಿಗೆ 80 ವರ್ಷ ಅಂತ ಎಲ್ಲರೂ ಹೇಳಿದ್ರು, ನಾನು ಕಣ್ಣು ಮುಚ್ಚಿ 80 ಕಳೆದು ಹುಟ್ಟಿದ ಇಸವಿ ಹಾಕಿದೆ. ಆದ್ರೆ ಅದು ಹಿಜ್ರಿ, ಅಂದ್ರೆ ಚಂದ್ರನ ಪ್ರಕಾರ ನಡೆಯೋ ಇಸ್ಲಾಮಿ ಕ್ಯಾಲೆಂಡರಿನ ಲೆಕ್ಕ. ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ, ಹಾಗಾಗಿ ಆ 80 ಅಂದ್ರೆ ನಮ್ಮ ಕ್ಯಾಲೆಂಡರಲ್ಲಿ ಹತ್ರ ಹತ್ರ ಎಪ್ಪತ್ತೇಳೂವರೆ. ಇನ್ನೊಂದು, ಮಗ್ರಿಬ್ (ಸೂರ್ಯ ಮುಳುಗೋ ಹೊತ್ತು) ಆದ ಕೂಡ್ಲೇ ಮರುದಿನ ಶುರು, ಹಿರಿಯರು "ಶುಕ್ರವಾರ ರಾತ್ರಿ" ಅಂದ್ರೆ ಅದು ಗುರುವಾರ ರಾತ್ರಿ. ಮತ್ತೆ ನಮ್ಮ ಕರಾವಳಿಯಲ್ಲಿ ಚಂದ್ರ ನೋಡೋದು ಹೆಚ್ಚಾಗಿ ಕೇರಳದ ಜೊತೆ ಹೋಗ್ತದೆ, ಬೆಂಗಳೂರಿಗೂ ನಮಗೂ ಕೆಲವೊಮ್ಮೆ ಒಂದು ದಿನ ವ್ಯತ್ಯಾಸ ಬರ್ತದೆ, ಆ್ಯಪಲ್ಲಿ ಹಾಕಿ ನೋಡಿದ್ರೆ ಸಿಗೋದು ಅಂದಾಜು ಮಾತ್ರ. ಯಾರಿಗೂ ನೆನಪಿಲ್ಲದಿದ್ರೆ ದೊಡ್ಡ ಘಟನೆ ಹಿಡ್ಕೊಂಡು ಕೇಳಿ: ಕಾಸರಗೋಡು ಕೇರಳಕ್ಕೆ ಹೋದ 1956ಕ್ಕಿಂತ ಮೊದ್ಲಾ ಆಮೇಲಾ, ಎಮರ್ಜೆನ್ಸಿ ಟೈಮಲ್ಲಾ, ಇಂದಿರಾ ಗಾಂಧಿ ತೀರಿಹೋದ ವರ್ಷ ಉಸ್ತಾದ್ ಇಲ್ಲಿದ್ರಾ. ಮಸೀದಿ ಕಮಿಟಿಯ ಹಳೇ ಪುಸ್ತಕ ಇದ್ರೆ ತೆಗ್ಸಿ, ಕೆಲವು ಅರಬಿ ಲಿಪಿಯಲ್ಲಿ ಮಲಯಾಳಂ ಬರೆದದ್ದು ಇರ್ತದೆ, ಓದ್ಲಿಕ್ಕೆ ಬರೋ ಅಜ್ಜ ಒಬ್ಬರನ್ನ ಹುಡುಕ್ಬೇಕು. ಮಕ್ಕಳು ಹುಟ್ಟಿದ ದಿನಗಳು ನಂಗೆ ಸಿಕ್ಕಿದ್ದು ಅವರ ಒಂದು ಕಿತಾಬಿನ ಕೊನೆಯ ಖಾಲಿ ಹಾಳೆಯಲ್ಲಿ, ಪೆನ್ಸಿಲಲ್ಲಿ ಬರೆದಿಟ್ಟಿದ್ರು.

ಈಗ ಮುಖ್ಯ ಭಾಗ. ಎಲ್ಲರೂ "ಕುಟುಂಬಕ್ಕೂ ಸಮುದಾಯಕ್ಕೂ ಬದುಕು ಮುಡಿಪಾಗಿಟ್ರು" ಅಂತಾರೆ. ಅದನ್ನ ಹಾಗೇ ಬರೀಬೇಡಿ, ಒಂದೇ ಪ್ರಶ್ನೆ ಕೇಳಿ: ತಿಂಗಳಲ್ಲಿ ಎಷ್ಟು ರಾತ್ರಿ ಮನೆಯಲ್ಲಿ ಇರ್ತಿದ್ರು? ನಮ್ಮ ಉಸ್ತಾದ್‌ರ ಮನೆ ಬೇರೆ ಊರಲ್ಲಿ, ಹದಿನೈದು ದಿನಕ್ಕೊಮ್ಮೆ ಎರಡು ರಾತ್ರಿ ಹೋಗ್ತಿದ್ರು, ಅಂದ್ರೆ ತಿಂಗಳಿಗೆ ನಾಲ್ಕು. ಉಳಿದ ದಿನ ನಸುಕಿನ ಸುಬುಹಿಗೆ ಮೊದ್ಲು ಎದ್ದು ನಮಾಝ್, ಶಾಲೆಗೆ ಹೋಗೋ ಮೊದ್ಲು ನಮಗೆ ಮದ್ರಸ, ಮಧ್ಯಾಹ್ನ ಯಾವುದೋ ಒಂದು ಮನೆಯಿಂದ ಪಾಳಿ ಪ್ರಕಾರ ಬರೋ ಟಿಫಿನ್ ಕ್ಯಾರಿಯರ್, ಸಂಜೆ ದರ್ಸ್, ರಾತ್ರಿಯ ಇಶಾ ನಮಾಝ್ ಆದ್ಮೇಲೆ ಯಾರದ್ದಾದ್ರೂ ಮನೆ ಜಗಳ ಬಿಡಿಸೋದು. ಅಲ್ಲಿ ಆ ಊರಲ್ಲಿ ಐದು ಮಕ್ಕಳನ್ನ ಸಾಕಿದ್ದು ಅವರ ಹೆಂಡತಿ, ಬೀಡಿ ಕಟ್ಟಿ. ಮಗಳೊಬ್ಬಳು ನನ್ನ ತಂಗಿ ಹತ್ರ ಹೇಳಿದ್ದು, "ಉಪ್ಪ ಬರ್ತಾರೆ ಅಂದ್ರೆ ನಮಗೆ ನೆಂಟರು ಬಂದ ಹಾಗೆ, ಹೊಸ ಚಾಪೆ ಹಾಕ್ತಿದ್ವಿ." ಇದನ್ನ ಹಾಕ್ಬೇಕಾ ಬೇಡ್ವಾ ಅಂತ ಕಮಿಟಿಯಲ್ಲಿ ಸ್ವಲ್ಪ ಚರ್ಚೆ ಆಯ್ತು, ನಾನು ಹಾಕಿದೆ. ಆ ಬೀಡಿ ಇಲ್ಲದಿದ್ರೆ ಉಸ್ತಾದ್ ನಮ್ಮೂರಲ್ಲಿ ಅಷ್ಟು ಕಡಿಮೆ ಸಂಬಳಕ್ಕೆ ಇಷ್ಟು ವರ್ಷ ಇರ್ಲಿಕ್ಕೆ ಆಗ್ತಿರ್ಲಿಲ್ಲ, ಇದು ಲೆಕ್ಕದ ವಿಷಯ.

ಊರಿನವರ ಹತ್ರ ಕೇಳುವಾಗ "ಅವರು ಹೇಗಿದ್ರು" ಅಂತ ಕೇಳಿದ್ರೆ "ಪಾಪದವರು" ಅಂತ ಮಾತ್ರ ಉತ್ತರ ಬರ್ತದೆ. ನಿಮ್ಮ ತಂದೆ ತೀರಿದಾಗ ಮಯ್ಯಿತ್ (ಶವ) ಮೀಯಿಸ್ಲಿಕ್ಕೆ ಯಾರು ಬಂದ್ರು, ಮಗಳ ನಿಕಾಹ್‌ಗೆ ದುಡ್ಡು ಕಡಿಮೆ ಬಿದ್ದಾಗ ಯಾರ ಹತ್ರ ಮಾತಾಡಿದ್ರಿ, ಹೀಗೆ ಕೇಳಿ. ಪಕ್ಕದ ಹಿಂದೂ ಅಂಗಡಿಯವರನ್ನ, ಬಸ್ ಕಂಡಕ್ಟರನ್ನ ಕೂಡ ಬಿಡ್ಬೇಡಿ. ಆದ್ರೆ ತಲಾಖ್ ಪಂಚಾಯಿತಿ, ಸಾಲ, ಯಾರ ಮಗ ದಾರಿ ತಪ್ಪಿದ್ದ ಅಂತೆಲ್ಲ ಬಂದ್ರೆ ಕೇಳಿಸ್ಕೊಳ್ಳಿ, ಬರೀಬೇಡಿ. ಉಸ್ತಾದ್ ಯಾರ ಹತ್ರಾನೂ ಹೇಳದೆ ಇಟ್ಕೊಂಡದ್ದನ್ನ ನಾವು ಪ್ರಿಂಟ್ ಮಾಡುದಾ! ಕರಾಮತ್ (ಪವಾಡ) ಕಥೆಗಳು ಒಂದಷ್ಟು ಬರ್ತವೆ, ಹೇಳಿದವರು ಸ್ವತಃ ಕಂಡದ್ದಾ ಇಲ್ಲ ಕೇಳಿದ್ದಾ ಅಂತ ಕೇಳಿ, ಕೇಳಿದ್ದು ಅಂದ್ರೆ ನಾನು ಬಿಟ್ಟೆ.

ಫೋಟೋ ಮನೆಯವರನ್ನ ಕೇಳದೆ ಹಾಕ್ಬೇಡಿ, ಎಷ್ಟೋ ಉಸ್ತಾದ್‌ರಿಗೆ ಅದು ಇಷ್ಟ ಇರ್ಲಿಲ್ಲ. ನಾವು ಅವರ ಕೈಬರಹದ ಆ ಪೆನ್ಸಿಲ್ ಹಾಳೆಯನ್ನೇ ಕವರಿಗೆ ಹಾಕಿದ್ವಿ.

ಪ್ರೆಸ್ಸಿಗೆ ಕೊಡೋ ಮೊದ್ಲು ಪೂರ್ತಿ ಒಮ್ಮೆ ಮನೆಯವರಿಗೆ ಓದಿಸಿ. ಕನ್ನಡ ಓದ್ಲಿಕ್ಕೆ ಬರದಿದ್ರೆ ಮಗಳು ಬ್ಯಾರಿ ಭಾಷೆಯಲ್ಲಿ ಹೇಳ್ಲಿ. ನಮ್ಮಲ್ಲಿ ಇದ್ದತ್ ಮುಗಿದ ಮೇಲೆ ತಂಗಿ ಹೋಗಿ ಓದಿದ್ಲು, ಉಸ್ತಾದ್‌ರ ಹೆಂಡತಿ ಸುಮ್ನೆ ಕೇಳಿ ಎರಡೇ ಕಡೆ ತಿದ್ದಿದ್ರಂತೆ. ಒಂದು, ಮೂರನೇ ಮಗನ ಹೆಸರು ನಾನು ತಪ್ಪು ಬರೆದಿದ್ದೆ. ಇನ್ನೊಂದು, ಬೀಡಿ ದಿನಕ್ಕೆ ಐನೂರು ಅಂತ ಹಾಕಿದ್ದೆ, "ಸಾವಿರ ಅಂತ ಬರೀಲಿಕ್ಕೆ ಹೇಳು" ಅಂದ್ರಂತೆ.